ಹೆಗಲು ಮುಟ್ಟಿಕೊಂಡವನೆಲ್ಲ ಕಳ್ಳನಲ್ಲ

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈ ಗಾದೆ ಕೇಳದ ಮನೆ ನಮ್ಮ ಕಡೆಗೆ ಇಲ್ಲ. ಕಾಯಿಯ ಮೇಲಿನ ಬೂದಿ ಹೆಗಲಿಗೆ ಹತ್ತಿದೆಯೋ ಏನೋ ಎಂದು ಕಳ್ಳನ ಕೈ ತಾನಾಗಿಯೇ ಹೆಗಲಿಗೆ ಹೋಯಿತು, ಅವನು ಸಿಕ್ಕುಬಿದ್ದ, ಇದು ಗಾದೆಯ ತಾತ್ಪರ್ಯ. ಸುಳ್ಳುಗಾರನು ತನ್ನ ಮೈಯಿಂದಲೇ ಸಿಗುತ್ತಾನೆ, ನೋಡುವವನ ಕಣ್ಣು ಚುರುಕಾಗಿದ್ದರೆ ಸಾಕು ಎಂಬದು ನಮ್ಮೆಲ್ಲರ ನಂಬಿಗೆ. ಗಿರಣಿಯ ಮುಕಾದಮನಿಂದ ಹಿಡಿದು ಫೌಜದಾರನ ವರೆಗೆ, ಅಂಗಡಿಯ ಗಲ್ಲೆಯ ಮೇಲೆ ಕುಳಿತ ವ್ಯಾಪಾರಿಯಿಂದ ಹಿಡಿದು ಹೆಣ್ಣು ನೋಡಲು ಬಂದ ಬೀಗರ ವರೆಗೆ, 'ಮಾರಿ ನೋಡಿದರೆ ನಮಗ ತಿಳಿತೈತಿ' ಎನ್ನದವರು ವಿರಳ.

ಆದರೆ ಬೈಲಹೊಂಗಲದ ತುಂಬಿದ ಸಂತೆಯಲ್ಲಿ ಯಾರೋ ಒಬ್ಬರು ನಿಮ್ಮ ಕಡೆಗೇ ಬೆರಳು ಮಾಡಿ 'ಕಳ್ಳ, ಕಳ್ಳ' ಎಂದು ಕೂಗಿದರೆ ನಿಮ್ಮ ಕೈ ಎಲ್ಲಿಗೆ ಹೋದೀತು? ಕದಿಯದಿದ್ದವನೂ ಒಮ್ಮೆ ಹೆಗಲು ಮುಟ್ಟಿಕೊಳ್ಳುತ್ತಾನೆ. ಅವನ ಬಾಯಿ ಒಣಗುತ್ತದೆ, ಮಾತು ತಡವರಿಸುತ್ತದೆ. ನಿಜವಾದ ಕಳ್ಳನಾದರೋ ಹತ್ತು ಸಂತೆ ಕಂಡವನು. ಅವನು ಹೆಗಲು ಮುಟ್ಟಿಕೊಳ್ಳುವದಿಲ್ಲ, ಎಲ್ಲರಿಗಿಂತ ಮೊದಲು 'ಹಿಡೀರಿ ಅವನ್ನ' ಎಂದು ಕೂಗುತ್ತಾನೆ. ಮಾರಿ ನೋಡಿ ಸುಳ್ಳು ಹಿಡಿಯುವ ವಿದ್ಯೆ ಯಾರಿಗೂ ಒಲಿದಿಲ್ಲ. ಒಲಿದಿದೆ ಎಂದುಕೊಂಡವನ ಕೈಯಲ್ಲಿ ಅಧಿಕಾರವೂ ಇದ್ದರೆ, ಅದರ ಪೆಟ್ಟು ಬೀಳುವದು ಅಂಜಿ ನಿಂತ ಬಡವನ ಬೆನ್ನಿನ ಮೇಲೆ. ಈ ಮಾತನ್ನು ನಾವು ಇಂದು ಸ್ವಲ್ಪ ವಿಸ್ತಾರವಾಗಿ ಹೇಳಬಯಸುತ್ತೇವೆ.

ಈ ಜಿಜ್ಞಾಸೆ ನಮ್ಮ ಸೀಮೆಗೆ ಹೊಸದಲ್ಲ. ಕಿತ್ತೂರಿನಲ್ಲಿ ಗೋವೆಯ ಕದಂಬ ಅರಸು ಮೂರನೆಯ ಜಯಕೇಶಿಯ ಕಾಲದ, ಕ್ರಿ.ಶ. 1188ರ ಒಂದು ಶಿಲಾಶಾಸನವಿದೆ. ಕಲ್ಲೇಶ್ವರ ದೇವರ ಆಚಾರ್ಯ ಶಿವಶಕ್ತಿ, ಮೂಲಸ್ಥಾನ ದೇವರ ಆಚಾರ್ಯ ಕಲ್ಯಾಣಶಕ್ತಿ, ಇವರಿಬ್ಬರಿಗೆ ಒಂದು ಹೊಲದ ಸಲುವಾಗಿ ವ್ಯಾಜ್ಯ ಬಿತ್ತು. ಹೊಲ ನಮ್ಮ ದೇವರದೆಂದು ಇವನ ಮಾತು, ಅಲ್ಲ ನಮ್ಮ ದೇವರದೆಂದು ಅವನ ಮಾತು. ಇಬ್ಬರಲ್ಲಿ ಒಬ್ಬನದು ಸುಳ್ಳಿರಲೇ ಬೇಕು. ಯಾರದೆಂದು ತಿಳಿಯುವದು ಹೇಗೆ? ಫಲದಿವ್ಯ ನಡೆಯಲಿ ಎಂದು ಗೊತ್ತಾಯಿತು. ಫಲದಿವ್ಯವೆಂದರೆ ಕಾಯಿಸಿದ ನೇಗಿಲ ಕುಳದ ಪರೀಕ್ಷೆ. ಇಬ್ಬರೂ ಪ್ರಮಾಣ ಮಾಡಿದರು. ಮರುದಿನ ಕೈ ನೋಡಿ ಕಲ್ಯಾಣಶಕ್ತಿ ಸೋತನೆಂದು ಸಾರಿದರು, ಹೊಲವನ್ನು ಕಲ್ಲೇಶ್ವರನಿಗೆ ಬಿಡಿಸಿಕೊಟ್ಟರು.

ಇಂದು ಓದಿದರೆ ನಗು ಬರುತ್ತದೆ. ಬೆಂಕಿಗೆ ಹೊಲದ ಗಡಿ ಏನು ಗೊತ್ತು? ಕೈ ಸುಟ್ಟಿದ್ದರಿಂದ ಕಬ್ಬಿಣ ಕಾದಿತ್ತೆಂಬದು ಮಾತ್ರ ಸಿದ್ಧವಾಗುತ್ತದೆ. ರಂಟೆ ಹೊಡೆದು ಅಂಗೈ ಜಡ್ಡುಗಟ್ಟಿದವನು ಗೆದ್ದಾನು, ಓಲೆ ಬರೆಯುವ ಮೃದು ಕೈಯವನು ಸೋತಾನು. ಆದರೂ ಆ ಕಾಲದವರು ದಡ್ಡರಿರಲಿಲ್ಲ. ಮನುಷ್ಯನ ಮಾರಿ ನೋಡಿ ಸುಳ್ಳು ತಿಳಿಯುವದಿಲ್ಲ ಎಂಬದನ್ನು ಅವರು ಅರಿತಿದ್ದರು, ಅದಕ್ಕೆಂದೇ ಬೆಂಕಿಯನ್ನು ಕೇಳಲು ಹೋದರು. ನಮ್ಮ ಕಾಲದ ದೊಡ್ಡ ದೊಡ್ಡ ಅಧಿಕಾರಿಗಳಿಗೆ ಅಷ್ಟು ವಿನಯವೂ ಇಲ್ಲ.

ಆಣೆ ಪ್ರಮಾಣದ ಮಾತೂ ಇದೇ ಜಾತಿಯದು. ಸವದತ್ತಿಯ ಗುಡ್ಡದ ಎಲ್ಲಮ್ಮನ ಭಂಡಾರ ಮುಟ್ಟಿ ಆಣೆ ಮಾಡೆಂದರೆ ಇಂದಿಗೂ ಎಷ್ಟೋ ಜನರ ಕೈ ಹಿಂದೆ ಸರಿಯುತ್ತದೆ. ಭಕ್ತಿಯ ಮಾತನ್ನು ನಾವು ಹಗುರಾಗಿ ಆಡುವದಿಲ್ಲ. ಆದರೆ ವಿಚಾರ ಮಾಡಿ ನೋಡಿರಿ. ಆಣೆಗೆ ಅಂಜುವವನು ಮೊದಲೇ ದೇವರಿಗೆ ಅಂಜಿ ನಡೆಯುವವನು. ಮಾಡಿದ ಆಣೆ ಎಲ್ಲಿ ಮಕ್ಕಳಿಗೆ ತಟ್ಟೀತೋ ಎಂದು, ತನ್ನದು ಖರೇ ಇದ್ದರೂ ಅವನು ಹಿಂಜರಿಯುತ್ತಾನೆ. ಏನಕ್ಕೂ ಅಂಜದ ಲಬಾಡನಿಗೆ ಭಂಡಾರವೆಂದರೆ ಒಂದು ಹಿಡಿ ಅರಿಷಿಣ ಪುಡಿ. ಹೀಗಾಗಿ ಆಣೆಯ ಹಗ್ಗ ಸಾಧುವಿನ ಕೊರಳಿಗೆ ಬೀಳುತ್ತದೆ, ಸುಳ್ಳುಗಾರನು ನುಣುಚಿ ಹೋಗುತ್ತಾನೆ.

ಇನ್ನು ಅಧಿಕಾರದಲ್ಲಿರುವವನು ಸುಳ್ಳು-ಖರೇ ತೀರ್ಮಾನಿಸಲು ಕುಳಿತರೆ ಏನಾಗುತ್ತದೆ ಎಂಬದಕ್ಕೂ ಕಿತ್ತೂರೇ ಸಾಕ್ಷಿ. 1824ರ ಸೆಪ್ಟೆಂಬರದಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜರು ಮಕ್ಕಳಿಲ್ಲದೆ ತೀರಿಕೊಂಡರು. ದತ್ತಕ ತೆಗೆದುಕೊಂಡ ಬಗ್ಗೆ ಧಾರವಾಡದ ಕಲೆಕ್ಟರ ಥ್ಯಾಕರೆಗೆ ಪತ್ರ ಹೋಯಿತು. ಥ್ಯಾಕರೆ ಪತ್ರದ ಸಹಿ ನೋಡಿ ಸಂಶಯ ತಾಳಿದ. ಇದು ಕೃತ್ರಿಮ, ದತ್ತಕ ಒಪ್ಪತಕ್ಕದ್ದಲ್ಲ ಎಂದು ಹಟ ಹಿಡಿದು ಕಿತ್ತೂರಿನ ಭಂಡಾರಕ್ಕೆ ಮುದ್ರೆ ಒತ್ತಿಸಿದ. ಆ ಸಹಿ ಸಾಚಾ ಇತ್ತೋ ಇಲ್ಲವೋ ಎಂಬ ವಾದ ಇಲ್ಲಿ ಬೇಡ. ನಾವು ಕೇಳುವದಿಷ್ಟೇ: ದತ್ತಕ ಸುಳ್ಳೆಂದಾದರೆ ಸಂಸ್ಥಾನ ಯಾರ ಪಾಲಿಗೆ ಬರುತ್ತಿತ್ತು? ಕಂಪನಿ ಸರಕಾರದ ಪಾಲಿಗೆ. ಸುಳ್ಳೆಂದು ಹೇಳುವವನು ಯಾರು? ಕಂಪನಿ ಸರಕಾರದ ನೌಕರ. ತೂಗುವವನೂ ಅವನೇ, ಕೊಳ್ಳುವವನೂ ಅವನೇ ಆದರೆ ತಕ್ಕಡಿ ಯಾವ ಕಡೆಗೆ ಬಾಗೀತು ಎಂಬದನ್ನು ಪ್ಯಾಟಿಯಲ್ಲಿ ಮಾಲು ಮಾರಿದ ಯಾವ ರೈತನನ್ನಾದರೂ ಕೇಳಿರಿ. ಮುಂದಿನದು ಎಲ್ಲರಿಗೂ ಗೊತ್ತಿದೆ. ಅಕ್ಟೋಬರ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಸತ್ತ. ಡಿಸೆಂಬರದಲ್ಲಿ ಕಿತ್ತೂರು ಬಿದ್ದಿತು. ರಾಣಿ ಚೆನ್ನಮ್ಮನವರು ಇದೇ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿ 1829ರ ಫೆಬ್ರುವರಿ 2ರಂದು ಪ್ರಾಣ ಬಿಟ್ಟರು.

ಇದೆಲ್ಲ ಹಳೆಯ ಮಾತಾಯಿತು, ಈಗಿನ ಶಾಸ್ತ್ರಜ್ಞರು ಏನನ್ನುತ್ತಾರೆ ಎಂದು ಕೇಳಬಹುದು. ಅಮೇರಿಕದ ಚಾರ್ಲ್ಸ್ ಬಾಂಡ್, ಬೆಲ್ಲಾ ಡಿಪಾಲೊ ಎಂಬ ಇಬ್ಬರು ವಿದ್ವಾಂಸರು ಈ ವಿಷಯದ ಮೇಲೆ ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ 2006ರಲ್ಲಿ ಲೆಕ್ಕ ಹಾಕಿದರು. 206 ಬರಹಗಳು, ತೀರ್ಪು ಹೇಳಿದ ಜನ 24,483. ಬೇರೆ ಯಾವ ಪುರಾವೆಯೂ ಇಲ್ಲದೆ ಬರೇ ನೋಡಿ, ಕೇಳಿ ಸುಳ್ಳು-ಖರೇ ಹೇಳಿದಾಗ ನೂರಕ್ಕೆ 54 ಸಲ ಮಾತ್ರ ಸರಿಯಾಯಿತು. ಕಣ್ಣು ಮುಚ್ಚಿ ರೂಪಾಯಿ ಚಿಮ್ಮಿದರೂ ನೂರಕ್ಕೆ 50 ಸಲ ಸರಿ ಬೀಳುತ್ತದೆ. ಇಷ್ಟು ಕಾಲದ ಸಂಸಾರ, ವ್ಯಾಪಾರ, ನ್ಯಾಯ-ಪಂಚಾಯತಿ ನಡೆಸಿದ ಮನುಷ್ಯನ ಕಣ್ಣಿಗೆ ನಾಣ್ಯಕ್ಕಿಂತ ನಾಲ್ಕಾಣೆಯಷ್ಟೇ ಹೆಚ್ಚು ಬುದ್ಧಿ ಎಂದಾಯಿತು!

ಪೋಲೀಸರ, ನ್ಯಾಯಾಧೀಶರ ಕಣ್ಣಾದರೂ ಬೇರೆ ಇದ್ದೀತೆಂದರೆ ಅದೂ ಇಲ್ಲ. ಪಾಲ್ ಎಕ್‌ಮನ್, ಮಾರೀನ್ ಒಸಲಿವನ್ ಎಂಬವರು 1991ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಪೋಲೀಸರು, ನ್ಯಾಯಾಧೀಶರು, ಮನೋವೈದ್ಯರು ಎಲ್ಲರೂ ಸಾಮಾನ್ಯರ ಸಾಲಿನಲ್ಲಿಯೇ ನಿಂತರು. ಅಮೇರಿಕದ ಅಧ್ಯಕ್ಷರನ್ನು ಕಾಯುವ ಗುಪ್ತ ದಳದವರು ಮಾತ್ರ ತುಸು ಮೇಲಾದರು, ಅವರದೂ ನೂರಕ್ಕೆ 64. ಇದಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿದೆ. 'ನನಗೆ ಖಾತ್ರಿ ಐತಿ' ಎಂಬ ಧೈರ್ಯಕ್ಕೂ ತೀರ್ಪು ಸರಿಯಾಗುವದಕ್ಕೂ ಸಂಬಂಧವೇ ಇಲ್ಲವೆಂದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. 2005ರಲ್ಲಿ ಸಾಲ್ ಕ್ಯಾಸಿನ್ ಮತ್ತು ಸಂಗಡಿಗರು ಕೈದಿಗಳ ಖರೇ ತಪ್ಪೊಪ್ಪಿಗೆಗಳನ್ನೂ ಸುಳ್ಳು ತಪ್ಪೊಪ್ಪಿಗೆಗಳನ್ನೂ ಬೆರೆಸಿ ಪೋಲೀಸರಿಗೂ ಕಾಲೇಜಿನ ವಿದ್ಯಾರ್ಥಿಗಳಿಗೂ ತೋರಿಸಿದರು. ವಿದ್ಯಾರ್ಥಿಗಳು ಹೆಚ್ಚು ಸರಿ ಹೇಳಿದರು, ಪೋಲೀಸರಿಗೆ ಹೆಚ್ಚು ಧೈರ್ಯವಿತ್ತು.

ಇದಕ್ಕೆ ಕಾರಣವೇನು? ಸುಳ್ಳಿನ ಗುರುತೆಂದು ನಾವು ತಿಳಿದುಕೊಂಡದ್ದು ಸುಳ್ಳಿನ ಗುರುತಲ್ಲ, ಅಂಜಿಕೆಯ ಗುರುತು. ಸುಳ್ಳುಗಾರನನ್ನು ಹೇಗೆ ಗುರುತಿಸುವಿರಿ ಎಂದು 58 ದೇಶಗಳಲ್ಲಿ ಕೇಳಿದಾಗ ಎಲ್ಲಕ್ಕೂ ಹೆಚ್ಚು ಜನ ಕೊಟ್ಟ ಉತ್ತರ, ಅವನು ಕಣ್ಣಿಗೆ ಕಣ್ಣು ಕೊಡುವದಿಲ್ಲ ಎಂಬದು. ಈ ಉತ್ತರವನ್ನು ನಮ್ಮ ಓಣಿಗೆ ತಂದು ನೋಡಿರಿ. ಅತ್ತೆ-ಮಾವಂದಿರ ಮುಂದೆ ಸೊಸೆ ಕಣ್ಣೆತ್ತಿ ಮಾತಾಡಿದರೆ ಅವಳಿಗೆ ಮರ್ಯಾದೆ ಇಲ್ಲವೆನ್ನುತ್ತೇವೆ. ಗೌಡರ ಕಟ್ಟೆಯ ಮುಂದೆ ಕೆಳಗೇರಿಯವನು ತಲೆಯೆತ್ತಿ ನಿಂತರೆ ಅವನಿಗೆ ಸೊಕ್ಕು ಬಂದಿದೆ ಎನ್ನುತ್ತಾ ತಲೆತಲಾಂತರ ಕಳೆದಿದ್ದೇವೆ. ನಾವು ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗಲೂ ಮಕ್ಕಳಿಗೆ ಕಲಿಸಿದ್ದು, ಹಿರಿಯರ ಮುಂದೆ ಕಣ್ಣು ಕೆಳಗೆ ಹಾಕಿ ನಿಲ್ಲಬೇಕು ಎಂಬ ಪಾಠವನ್ನೇ. ಒಂದು ಕೈಯಿಂದ ಕಣ್ಣು ಕೆಳಗೆ ಹಾಕಿಸಿ, ಇನ್ನೊಂದು ಕೈಯಿಂದ 'ಕಣ್ಣು ಕೆಳಗೆ ಹಾಕಿದ, ಇವನೇ ಕಳ್ಳ' ಎಂದು ಕಿವಿ ಹಿಂಡುವದು ಯಾವ ನ್ಯಾಯ?

ಗಿರಣಿಯ ದರವಾಜೆಯಲ್ಲಿ ನಿತ್ಯ ನಡೆಯುವದು ಇದೇ. ಒಂದು ಸಾಮಾನು ಕಾಣೆಯಾಯಿತು, ನಾಲ್ವರನ್ನು ಕಚೇರಿಗೆ ಕರೆದರು. ಮೂವರು ನೆಟ್ಟಗೆ ನಿಂತು ಉತ್ತರ ಹೇಳಿದರು. ನಾಲ್ಕನೆಯವನು ಕೆಲಸಕ್ಕೆ ಸೇರಿ ಎರಡು ತಿಂಗಳು, ಮನೆಯಲ್ಲಿ ಸಾಲ, ಸಾಹೇಬರ ಕುರ್ಚಿಯ ಮುಂದೆ ಎಂದೂ ನಿಂತವನಲ್ಲ. ಅವನ ಕೈ ನಡುಗಿತು. 'ಇವನದೇ ಕೆಲಸ, ಮಾರಿ ನೋಡಿರಿ' ಎಂದರು. ಅವನು ನಡುಗಿದ್ದು ಕದ್ದದ್ದಕ್ಕಲ್ಲ, ನಾಳೆ ಒಲೆ ಹೊತ್ತದೆಂಬ ಭಯಕ್ಕೆ. ಪಗಾರ ಕಡಿಮೆ ಇದ್ದಷ್ಟೂ, ಕೆಲಸ ಕಾಯಂ ಇಲ್ಲದಷ್ಟೂ ಮನುಷ್ಯ ಹೆಚ್ಚು ನಡುಗುತ್ತಾನೆ. ಮಾರಿ ನೋಡಿ ನ್ಯಾಯ ಮಾಡುವ ಪದ್ಧತಿ ಬಡವನನ್ನೇ ಆರಿಸಿ ಹಿಡಿಯುವ ಬಲೆ. ಆರೋಪವನ್ನು ಬರೆದು ಕೊಡಬೇಕು, ಕಾಮಗಾರನ ಮಾತು ಕೇಳಬೇಕು, ಆಮೇಲೆ ಶಿಕ್ಷೆ ಎಂಬ ಪದ್ಧತಿ 1946ರ ಸ್ಥಾಯೀ ಆದೇಶಗಳ ಕಾಯದೆಯ ಮೂಲಕ ಗಿರಣಿಗಳಿಗೆ ಬಂದದ್ದು ಸುಮ್ಮನೆ ಅಲ್ಲ.

ಪೋಲೀಸ ಠಾಣೆಯ ಮಾತು ಇನ್ನೂ ಗಂಭೀರ. ಪೋಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಪುರಾವೆಯೆಂದು ಹಿಡಿಯಕೂಡದು ಎಂದು ಪರಕೀಯ ಸರಕಾರವೇ 1872ರ ಸಾಕ್ಷ್ಯ ಕಾಯದೆಯಲ್ಲಿ ಬರೆದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲಿಯೂ ಆ ನಿಯಮ ಉಳಿದಿದೆ. ಆದರೆ ಬೆಂಕಿಯ ದಿವ್ಯದ ಆಸೆ ನಮ್ಮವರನ್ನು ಬಿಡಲಿಲ್ಲ. ಸುಳ್ಳು ಹಿಡಿಯುವ ಯಂತ್ರ ಬಂತು, ಮಿದುಳಿನ ನಕ್ಷೆ ಬಂತು, ಸೂಜಿ ಚುಚ್ಚಿ ಅಮಲಿನಲ್ಲಿ ಮಾತಾಡಿಸುವ ಮಂಪರು ಪರೀಕ್ಷೆ ಬಂತು. ಈ ಪರೀಕ್ಷೆಗಳಿಗೆ ಬೆಂಗಳೂರು ಹೆಸರುವಾಸಿಯಾಯಿತು. ನಮ್ಮ ಜಿಲ್ಲೆಯ ಖಾನಾಪುರದಲ್ಲಿ ಹುಟ್ಟಿ ನಕಲಿ ಛಾಪಾ ಕಾಗದದ ಹಗರಣದಿಂದ ದೇಶಕ್ಕೆಲ್ಲ ಪರಿಚಿತನಾದ ತೆಲಗಿಗೂ ಈ ಸೂಜಿ ಚುಚ್ಚಿದರು. ಯಂತ್ರವು ಅಳೆಯುವದು ಎದೆಯ ಬಡಿತ, ಉಸಿರು, ಬೆವರು. ಅದಕ್ಕೂ ಸಿಗುವದು ಅಂಜಿಕೆಯೇ. ಅಮಲಿನಲ್ಲಿದ್ದವನು ಖರೇವನ್ನೂ ಆಡುತ್ತಾನೆ, ಕನಸನ್ನೂ ಆಡುತ್ತಾನೆ, ಕೇಳುವವನು ಬಾಯಿಗಿಟ್ಟದ್ದನ್ನೂ ಆಡುತ್ತಾನೆ. ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು, ಆರೋಪಿಯ ಒಪ್ಪಿಗೆ ಇಲ್ಲದೆ ಈ ಮೂರೂ ಪರೀಕ್ಷೆ ನಡೆಸಕೂಡದು ಎಂದು ತೀರ್ಪು ಕೊಟ್ಟಿತು. ಕಿತ್ತೂರಿನ ಕಾದ ಕುಳ ಆರಲು 822 ವರ್ಷ ಬೇಕಾದವು.

ಪೂರ್ತಿ ಆರಿತೇ? ಕೊಡಗಿನ ಒಬ್ಬ ಬಡ ಆದಿವಾಸಿ ಕೂಲಿಕಾರನ ಹೆಂಡತಿ ಕಾಣೆಯಾದಳು. ಎಲ್ಲಿಯೋ ಸಿಕ್ಕ ಎಲುಬುಗಳನ್ನು ಅವಳವೇ ಎಂದು ಹೇಳಿ, ಅವನೇ ಕೊಂದನೆಂದು ಅವನನ್ನು ಜೇಲಿಗೆ ಹಾಕಿದರು. ಕೊಂದಿಲ್ಲವೆಂಬ ಅವನ ಮಾತು ಯಾರಿಗೂ ಖರೇ ಎನಿಸಲಿಲ್ಲ. ಎಲುಬಿನ ಪರೀಕ್ಷೆ ತಾಳೆಯಾಗಲಿಲ್ಲ. ಕಡೆಗೆ 2025ರ ಏಪ್ರಿಲದಲ್ಲಿ ಆ ಹೆಂಗಸು ಮಡಿಕೇರಿಯಲ್ಲಿ ಜೀವಂತ ಕಣ್ಣಿಗೆ ಬಿದ್ದಳು. ಮೈಸೂರಿನ ನ್ಯಾಯಾಲಯ ಅವನನ್ನು ಬಿಟ್ಟು ಒಂದು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಜೇಲಿನಲ್ಲಿ ಹೋದ ದಿನಗಳನ್ನು ಯಾವ ಖಜಾನೆಯಿಂದ ಕೊಡಿಸುವದು? ಅವನನ್ನು ಬಿಡಿಸಿದ್ದು ಅವನ ಮಾರಿಯಲ್ಲ, ಅವನ ಆಣೆಯಲ್ಲ. ಕಣ್ಣಿಗೆ ಕಾಣುವ ಪುರಾವೆ, ಬದುಕಿ ನಡೆದು ಬಂದ ಪುರಾವೆ.

ಇಲ್ಲಿಯ ವರೆಗೆ ಖರೇ ಹೇಳಿದವನು ಸುಳ್ಳುಗಾರನೆನಿಸಿಕೊಳ್ಳುವ ಮಾತಾಯಿತು. ಸುಳ್ಳುಗಾರನು ಸಾಚಾ ಎನಿಸಿಕೊಳ್ಳುವದು ಇದರ ಇನ್ನೊಂದು ಮಗ್ಗಲು. 2006ರ ಅದೇ ಲೆಕ್ಕದಲ್ಲಿ, ಖರೇ ಮಾತನ್ನು ಖರೇ ಎಂದು ಗುರುತಿಸಿದ್ದು ನೂರಕ್ಕೆ 61 ಸಲ. ಸುಳ್ಳನ್ನು ಸುಳ್ಳೆಂದು ಗುರುತಿಸಿದ್ದು 47 ಸಲ. ಅಂದರೆ ನಾವು ಮೊದಲು ನಂಬುವ ಜನ. ಇದು ದಡ್ಡತನವಲ್ಲ. ನಂಬದೆ ಉದ್ರಿ ಇಲ್ಲ, ಸಂಸಾರವಿಲ್ಲ, ಸಂಘಟನೆಯೂ ಇಲ್ಲ. ಆದರೆ ನಂಬಿಗೆ ಎಲ್ಲಿ ಹೆಚ್ಚೋ ಸುಳ್ಳಿಗೆ ಅಲ್ಲಿಯೇ ಮಣೆ. ಸಂಗೊಳ್ಳಿ ರಾಯಣ್ಣನಿಗಿಂತ ಚುರುಕು ಕಣ್ಣು ಈ ನಾಡಿನಲ್ಲಿ ಯಾರಿಗಿತ್ತು? ಕಂಪನಿಯ ದಂಡನ್ನು ಕಾಡಿನಲ್ಲಿ ದಿಕ್ಕು ತಪ್ಪಿಸಿದ ವೀರ. 1830ರಲ್ಲಿ ಅವನು ಸಿಕ್ಕದ್ದು ಕಂಪನಿಯ ಗುಂಡಿಗಲ್ಲ. ತಮ್ಮವರೆಂದು ನಟಿಸಿ ಗುಂಪಿನಲ್ಲಿ ಸೇರಿದವರು ಅವನನ್ನು ಹಿಡಿದುಕೊಟ್ಟರೆಂದು ನಮ್ಮ ಲಾವಣಿಕಾರರು ಇಂದಿಗೂ ಹಾಡುತ್ತಾರೆ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ರಾಯಣ್ಣನ ಕಣ್ಣಿಗೇ ಕಾಣದ್ದು ನಮ್ಮ ಕಣ್ಣಿಗೆ ಕಂಡೀತೆಂಬ ಜಂಬ ಬೇಡ.

ಹಾಗಾದರೆ ದಾರಿ ಯಾವದು? ಅದನ್ನು ನಮ್ಮ ಪ್ಯಾಟಿಗಳೇ ತೋರಿಸಿವೆ. ಒಂದು ಕಾಲಕ್ಕೆ ವ್ಯಾಪಾರವೆಲ್ಲ ದಲಾಲನ ನಾಲಿಗೆಯ ಮೇಲೆ ನಡೆಯುತ್ತಿತ್ತು. ಟವಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವ ಪದ್ಧತಿಯನ್ನು ದನದ ಸಂತೆಯಲ್ಲಿ ನೋಡದವರಿಲ್ಲ. ಮಾಲಿನ ಒಡೆಯ ದಲಾಲನ ಮಾರಿ ನೋಡಬೇಕು, ದರ ಖರೇ ಇದ್ದೀತೋ ಎಂದು ಎದೆ ಬಡಿದುಕೊಳ್ಳಬೇಕು. 1927ರ ಮುಂಬಯಿ ಹತ್ತಿ ಪೇಟೆಗಳ ಕಾಯದೆ, ಆಮೇಲೆ 1939ರ ಕಾಯದೆ, ಕಡೆಗೆ 1966ರ ಕರ್ನಾಟಕದ ಎ.ಪಿ.ಎಂ.ಸಿ. ಕಾಯದೆ ಬಂದವು. ಅವು ದಲಾಲರನ್ನು ಹರಿಶ್ಚಂದ್ರರನ್ನಾಗಿ ಮಾಡಲು ಹೋಗಲಿಲ್ಲ. ದರ ಎಲ್ಲರ ಕಿವಿಗೆ ಬೀಳುವಂತೆ ಸವಾಲು ಆಗಲಿ, ತೂಕ ಎಲ್ಲರ ಕಣ್ಣಿಗೆ ಕಾಣುವಂತೆ ಆಗಲಿ, ಲೆಕ್ಕ ಚೀಟಿಯ ಮೇಲೆ ಬರಲಿ ಎಂದವು. ಕಾಯದೆಗಳನ್ನು ಎಷ್ಟರ ಮಟ್ಟಿಗೆ ಪಾಲಿಸಿದರು ಎಂಬದು ಬೇರೆ ಮಾತು. ವಿಚಾರ ಮಾತ್ರ ಸರಿಯಾದದ್ದು: ಮನುಷ್ಯನನ್ನು ಓದಲು ಹೋಗಬೇಡ, ತಕ್ಕಡಿಯನ್ನು ಓದು.

ಶಾಸ್ತ್ರವೂ ಇದನ್ನೇ ಹೇಳುತ್ತದೆ. ನಿಮಗೆ ಗೊತ್ತಾದ ಸುಳ್ಳುಗಳು ಹೇಗೆ ಗೊತ್ತಾದವು ಎಂದು 2002ರಲ್ಲಿ ಅಮೇರಿಕದಲ್ಲಿ ಕೇಳಿ ನೋಡಿದರು. ಹೇಳುವಾಗಲೇ ಹಾವಭಾವ ನೋಡಿ ಹಿಡಿದದ್ದು ನೂರಕ್ಕೆ ಎರಡೂ ಇರಲಿಲ್ಲ. ಉಳಿದದ್ದೆಲ್ಲ ಆಮೇಲೆ, ಮೂರನೆಯವರ ಮಾತಿನಿಂದ, ಸಿಕ್ಕ ವಸ್ತುವಿನಿಂದ, ಅವನೇ ಒಪ್ಪಿಕೊಂಡದ್ದರಿಂದ. ಸ್ವೀಡನ್ ದೇಶದಲ್ಲಿ ಪೋಲೀಸ ತರಬೇತಿಯವರಿಗೆ ಒಂದು ಯುಕ್ತಿ ಕಲಿಸಿದರು: ಕೈಯಲ್ಲಿದ್ದ ಪುರಾವೆಯನ್ನು ಮೊದಲೇ ತೋರಿಸಬೇಡಿರಿ, ಅವನು ಪೂರ್ತಿ ಮಾತಾಡಲಿ, ಆಮೇಲೆ ಮಾತಿಗೂ ಪುರಾವೆಗೂ ತಾಳೆ ಹಾಕಿರಿ. ಹೀಗೆ ಕಲಿತವರು ನೂರಕ್ಕೆ 85 ಸಲ ಸರಿ ಹೇಳಿದರು, ಕಲಿಯದವರು 56. ಇದು 2006ರ ಮಾತು. ಕಣ್ಣು ಚುರುಕು ಮಾಡಿಕೊಂಡದ್ದರಿಂದ ಬಂದ ಲಾಭವಲ್ಲ ಇದು, ತಾಳೆ ನೋಡುವ ತಾಳ್ಮೆಯಿಂದ ಬಂದದ್ದು.

ಆದ್ದರಿಂದ ಕಾಮಗಾರ ಬಂಧುಗಳಿಗೂ ಸಣ್ಣ ವ್ಯಾಪಾರಿಗಳಿಗೂ ನಮ್ಮ ವಿನಂತಿ ಇಷ್ಟು. ಹಜೇರಿಯ ಲೆಕ್ಕವನ್ನು ಮನೆಯ ಗೋಡೆಯ ಕ್ಯಾಲೆಂಡರದ ಮೇಲಾದರೂ ನೀವೂ ಬರೆದಿಡಿರಿ. ಪಗಾರ ಚೀಟಿ ಕೇಳಿ ಪಡೆಯಿರಿ, ಓದಲು ಬಾರದಿದ್ದರೆ ಮಕ್ಕಳ ಕೈಯಿಂದ ಓದಿಸಿರಿ. 'ನನ್ನ ಮ್ಯಾಲ ನಂಬಿಗಿ ಇಲ್ಲೇನು' ಎಂದು ಯಾರಾದರೂ ಮುಖ ಉಬ್ಬಿಸಿದರೆ ನಗುತ್ತ ಹೇಳಿರಿ, ನಂಬಿಗೆ ಇದ್ದದ್ದಕ್ಕೇ ಚೀಟಿ, ಇಲ್ಲದಿದ್ದರೆ ವ್ಯವಹಾರವೇ ಇಲ್ಲ ಎಂದು. ರಾಮದುರ್ಗದ ನೇಕಾರ ಅಣ್ಣಂದಿರು ನೂಲು ತರುವಾಗ ತೂಗಿಸಿಕೊಂಡೇ ತರಲಿ, ಸೀರೆ ಕೊಡುವಾಗ ಎಣಿಸಿ ಬರೆಸಿಯೇ ಕೊಡಲಿ. ಕಬ್ಬಿನ ಗಾಡಿಯವರು ಕಾಟಾದ ಮೇಲೆ ಏರುವ ಮೊದಲು ಬೇರೆ ಕಾಟಾದ ಚೀಟಿ ಕಿಸೆಯಲ್ಲಿ ಇಟ್ಟುಕೊಳ್ಳಲಿ. ಅಂಗಡಿಕಾರರು ಉದ್ರಿಯನ್ನು ತಮ್ಮ ಕೀರ್ದಿಯಲ್ಲಿ ಬರೆದರೆ ಸಾಲದು, ಗಿರಾಕಿಯ ವಹಿಯಲ್ಲಿಯೂ ಬರೆದು ಕೊಡಲಿ. ನಾಳೆ ವಾದ ಬಿದ್ದಾಗ ಅದು ಅವರನ್ನೂ ಕಾಯುತ್ತದೆ. ಮತ ಕೇಳಲು ಬಂದವರ ನಗೆಯನ್ನು ನೋಡಬೇಡಿರಿ, ಕಳೆದ ಸಲದ ಭಾಷಣವನ್ನೂ ಈ ಸಲದ ಕೆಲಸವನ್ನೂ ತಾಳೆ ಹಾಕಿರಿ. ನಮ್ಮ ಪಕ್ಷದವರು ಬಂದರೂ ಇದೇ ಅಳತೆ.

ಕಡೆಯದಾಗಿ, ಎಲ್ಲಕ್ಕೂ ದೊಡ್ಡ ಮಾತು. ನಿಮ್ಮ ಸಾಲಿನಲ್ಲಿಯ ಒಬ್ಬನ ಮೇಲೆ ಆರೋಪ ಬಂದು, ಅವನು ಕಚೇರಿಯಲ್ಲಿ ನಡುಗುತ್ತ ನಿಂತಾಗ, 'ಮಾರಿ ನೋಡಿದರ ಇವನ ಮ್ಯಾಲ ಸಂಶೇ ಬರತೈತಿ' ಎಂದು ನೀವೂ ಗೋಣು ಹಾಕಬೇಡಿರಿ. ಮೂರು ಪ್ರಶ್ನೆ ಕೇಳಿರಿ. ಪುರಾವೆ ಏನು? ಆರೋಪ ಬರೆದು ಕೊಟ್ಟಿದ್ದೀರಾ? ಇವನು ಸುಳ್ಳನೆಂದು ಸಿದ್ಧವಾದರೆ ಲಾಭ ಯಾರಿಗೆ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದೂ ನಮ್ಮ ಹಿರಿಯರೇ ಹೇಳಿದ್ದಾರೆ. ಕುಂಬಳಕಾಯಿ ಗಾದೆ ಹೇಳಿ ನಗುವವರಿಗೆ ಈ ಗಾದೆಯನ್ನೂ ಹೇಳಿರಿ. ಹೆಗಲ ಮೇಲಿನ ಕೈ ನೋಡುವದನ್ನು ಬಿಟ್ಟು, ಕುಂಬಳಕಾಯಿ ಯಾರ ಮನೆಯ ಅಟ್ಟದಲ್ಲಿದೆ ಎಂದು ಹುಡುಕಲು ಹೋಗೋಣ.